ಟೈಲರ್ ಕೊಟ್ಟೂರಪ್ಪನ ನಾಳೆ

ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಗಳ ಸಾಲು ದಾಟಿ ಒಳಗೆ ಹೋದರೆ, ಎರಡು ಸ್ಕೂಟರು ಎದುರುಬದುರಾದಾಗ ಒಂದು ಹಿಂದೆ ಸರಿಯಲೇಬೇಕಾದಂಥ ಓಣಿಯೊಂದಿದೆ. ಕೊಟ್ಟೂರಪ್ಪನ ಟೈಲರ್ ಅಂಗಡಿ ಇರುವುದು ಅಲ್ಲಿ. ಬೋರ್ಡಿನ ಮೇಲಿನ ಅಕ್ಷರಗಳು ಬಳ್ಳಾರಿಯ ಬಿಸಿಲಿಗೆ ಮಾಸಿಹೋಗಿ ಬಹಳ ಕಾಲವಾಯಿತು. ಹೊಸದು ಬರೆಸಬೇಕೆಂದು ಅವನಿಗೂ ಅನಿಸಿಲ್ಲ, ಯಾರೂ ಅದನ್ನು ಓದಿಕೊಂಡು ಬರುವುದಿಲ್ಲವಲ್ಲ. ರವಿಕೆ ಹೊಲಿಯುವ ಮಾಸ್ಟರ್ ಎಂದರೆ ಸಾಕು, ಓಣಿಯ ತಿರುವಿನಲ್ಲಿ ಬಳೆ ಮಾರುವವಳೇ ಕೈ ತೋರಿಸುತ್ತಾಳೆ.

ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಅಳತೆ ಟೇಪು, ಮೂಗಿನ ತುದಿಗೆ ಇಳಿದ ಕನ್ನಡಕ. ಅರವತ್ತರ ಹತ್ತಿರ ಬಂದ ಮನುಷ್ಯ. ಅವನು ಹೊಲಿದ ರವಿಕೆ ಹೆಗಲ ಮೇಲಿಂದ ಜಾರುವುದಿಲ್ಲ, ಕಂಕುಳಲ್ಲಿ ಹಿಡಿಯುವುದಿಲ್ಲ. ಸತ್ಯನಾರಾಯಣಪೇಟೆಯ ವಕೀಲರ ಮನೆಯವರಿಂದ ಹಿಡಿದು ಕುರುಗೋಡಿನ ಒಕ್ಕಲು ಮನೆತನದ ಹೆಂಗಸರವರೆಗೆ ಎಲ್ಲರೂ ಅವನ ಹತ್ತಿರವೇ ಬರುತ್ತಿದ್ದರು. ಅವನಲ್ಲಿ ಇದ್ದದ್ದು ಒಂದೇ ಕೊರತೆ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವನಲ್ಲ.

"ಮಾಸ್ಟರ್, ಜಂಪರ್ ಆತೇನ್ರಿ?" ಎಂದು ರವಿಕೆ ಕೊಟ್ಟವರು ಕೇಳಿದರೆ, "ಆತವ್ವ, ಹುಕ್ಕು ಒಂದು ಬಾಕಿ. ನಾಳೆ ಬಾ" ಎನ್ನುತ್ತಿದ್ದ. ಆ ಬಟ್ಟೆ ಆಗ ಕ್ಯಾರಿಬ್ಯಾಗಿನಿಂದಲೇ ಹೊರಗೆ ಬಂದಿರುತ್ತಿರಲಿಲ್ಲ. ಮರುದಿನ ಬಂದರೆ ಕರೆಂಟು ಹೋಗಿತ್ತು. ಅದರ ಮರುದಿನ ದಾರದ ಬಣ್ಣ ಸಿಕ್ಕಿರಲಿಲ್ಲ. ಇಷ್ಟೆಲ್ಲ ಹೇಳುವಾಗಲೂ ಅವನ ಮುಖ ಎಷ್ಟು ಕಕ್ಕುಲಾತಿಯಿಂದ ಕೂಡಿರುತ್ತಿತ್ತೆಂದರೆ, ಬೈಯಲು ಬಂದವರು ಸ್ಟೂಲಿನ ಮೇಲೆ ಕುಳಿತು ಚಹ ಕುಡಿದು ಹೋಗುತ್ತಿದ್ದರು.

ಅದರಲ್ಲಿ ಕಪಟವಿರಲಿಲ್ಲ. ಎದುರಿಗೆ ನಿಂತವರ ಮುಖ ಬಾಡುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೇ. "ಆಗುವುದಿಲ್ಲ" ಎಂಬ ಮಾತು ಗಂಟಲಿನವರೆಗೆ ಬಂದು, ಬಾಯಿಗೆ ಬರುವಷ್ಟರಲ್ಲಿ "ನಾಳೆ" ಆಗಿಬಿಡುತ್ತಿತ್ತು. ಹಬ್ಬದ ಹಿಂದಿನ ವಾರ ಬಂದವರ ಬಟ್ಟೆಯನ್ನೂ ಹೀಗೆಯೇ ತೆಗೆದಿಟ್ಟುಕೊಳ್ಳುತ್ತಿದ್ದ. ತನ್ನ ಸೊಸೆಯ ಮದುವೆ ರವಿಕೆಗೂ ಅವನು ಹುಕ್ಕು ಹಾಕಿಸಿದ್ದು ಮುಹೂರ್ತದ ದಿನ ಬೆಳಿಗ್ಗೆಯೇ.

ಆ ಸೊಸೆಯ ಹೆಸರು ಶೀಲಾ, ಸಿರುಗುಪ್ಪದ ಹುಡುಗಿ. ಬಿಸಿಎ ಓದಿ ತನ್ನೂರಿನಲ್ಲಿ ಕಂಪ್ಯೂಟರ್ ಸೆಂಟರೊಂದರಲ್ಲಿ ಪಾಠ ಹೇಳಿಕೊಡುತ್ತಿದ್ದವಳು. ಕೊಟ್ಟೂರಪ್ಪನ ಮಗ ಶರಣ ತೋರಣಗಲ್ಲಿನ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ಶೀಲಾ ಇಲ್ಲೊಂದು ಕೆಲಸ ಹುಡುಕುತ್ತಿದ್ದಳು. ಸಿಗುವವರೆಗೆ ಸುಮ್ಮನೆ ಯಾಕೆ ಕೂರಬೇಕೆಂದು, ಶ್ರಾವಣದ ಗದ್ದಲ ಶುರುವಾದಾಗ ಮಧ್ಯಾಹ್ನದ ಹೊತ್ತು ಅಂಗಡಿಗೆ ಬರತೊಡಗಿದಳು. ಕಾಜಾ ಹುಕ್ಕಿನ ಕೆಲಸಕ್ಕೆ ಹುಲಿಗೇಶ್ ಇದ್ದ. ಹಾಗಾಗಿ ಶೀಲಾಳ ಪಾಲಿಗೆ ಬಂದದ್ದು ಫೋನು.

ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಅವಳು ಮಾವನ ಕಡೆ ನೋಡುವಳು. ಅವನು ಮಷೀನು ತುಳಿಯುತ್ತಲೇ ಹುಬ್ಬು ಮೇಲೆತ್ತಿ, ಕೈಯನ್ನು ಗಾಳಿಯಲ್ಲಿ ಮುಂದಕ್ಕೆ ಎಸೆಯುವಂತೆ ಮಾಡುವನು. ನಾಳೆ ಎಂದು ಅರ್ಥ. "ನಾಳೆ ಬರ್ರಿ" ಎಂದು ಹೇಳಿ ಶೀಲಾ ಫೋನು ಕೆಳಗಿಡುವಳು. ಒಂದು ವಾರ ಹೀಗೇ ನಡೆಯಿತು. ಒಂದು ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವಳು ತಟ್ಟೆಯ ಮೇಲಿಂದ ತಲೆ ಎತ್ತದೆ ಹೇಳಿದಳು:

"ಮಾವಾರ, ಸಿಟ್ಟು ಮಾಡ್ಕೋಬ್ಯಾಡ್ರಿ. ನನ್ನ ಕೈಲಿ ದಿನಾ ಇಷ್ಟು ಸುಳ್ಳು ಹೇಳಾಕ ಆಗವಲ್ದು."

ಕೊಟ್ಟೂರಪ್ಪ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ಹಿಡಿದ. ಇಷ್ಟು ವರ್ಷದಲ್ಲಿ ಆ ಶಬ್ದವನ್ನು ಯಾರೂ ಅವನೆದುರು ಆಡಿರಲಿಲ್ಲ. ಅವನ ಹೆಂಡತಿ ಜಂಬಮ್ಮ ಪಲ್ಯ ಬಡಿಸಲು ಬಂದವಳು ಸೌಟು ಹಿಡಿದುಕೊಂಡೇ ನಗತೊಡಗಿದಳು.

"ಬಂದು ವರ್ಷ ತುಂಬಿಲ್ಲ, ಹೇಳಿಬಿಟ್ಲು ನೋಡು. ನನಗ ಈ ಮಾತು ಹೇಳಾಕ ಧೈರ್ಯನ ಬರಲಿಲ್ಲ."

"ಹಂಗಾರ ಏನ್ ಮಾಡೂಣು? ಫೋನ್ ಎತ್ತೋದು ಬಿಟ್ಟುಬಿಡೂಣೇನು?" ಎಂದು ಕೊಟ್ಟೂರಪ್ಪ ಮೆತ್ತಗೆ ಕೇಳಿದ. ಸಿಟ್ಟು ಬಂದಿರಲಿಲ್ಲ. ನಾಚಿಕೆಯಾಗಿತ್ತು.

"ಬ್ಯಾಡ್ರಿ. ಉತ್ತರ ಕೊಡಾಕ ಒಂದು ಬಾಟ್ ಮಾಡ್ತೀನಿ. ಜನ ಮೆಸೇಜ್ ಹಾಕಿದ್ರ ಅದ ತಿರುಗಿ ಹೇಳ್ತೈತಿ. ನೀವೂ ಮಾತಾಡೋದು ಬ್ಯಾಡ, ನಾನೂ ಮಾತಾಡೋದು ಬ್ಯಾಡ."

ಮರುದಿನ ಶೀಲಾ ತನ್ನ ಹಳೆಯ ಲ್ಯಾಪ್‌ಟಾಪ್ ತಂದು ಕಟಿಂಗ್ ಟೇಬಲ್ಲಿನ ಒಂದು ಮೂಲೆಯಲ್ಲಿ ಇಟ್ಟಳು. ಬಟ್ಟೆ ಕತ್ತರಿಸುವ ಜಾಗದಲ್ಲಿ ಬೇರೆ ವಸ್ತು ಇಡಲು ಕೊಟ್ಟೂರಪ್ಪ ಯಾರಿಗೂ ಬಿಟ್ಟವನಲ್ಲ. ಅಂದು ತಾನೇ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟ.

"ಇದಕ್ಕ ಫ್ರೇಮ್‌ವರ್ಕ್ ಅಂತಾರ ಮಾವಾರ," ಎಂದು ಶೀಲಾ ಹೇಳಿದಳು. "ಮೆಸೇಜ್ ಬಂದ್ರ ಹಿಡಿಯೋದು, ಯಾರು ಕಳಿಸಿದ್ರು ನೋಡೋದು, ಅವರಿಗೇ ತಿರುಗಿ ಕಳಿಸೋದು, ಈ ಕೆಲಸೆಲ್ಲ ಯಾರೋ ಪುಣ್ಯಾತ್ಮರು ಮೊದಲ ಮಾಡಿ ಇಟ್ಟಾರ. ಏನ್ ಕೇಳಿದ್ರ ಏನ್ ಹೇಳಬೇಕು ಅನ್ನೋದಷ್ಟ ನಾವು ಬರಿಬೇಕು. ದೊಡ್ಡವು ಭಾಳ ಅದಾವ, ಅವನ್ನ ಹಾಕಿದ್ರ ನನ್ನ ಲ್ಯಾಪ್‌ಟಾಪ್ ಮ್ಯಾಲೆ ಏಳಂಗಿಲ್ಲ. ಇದು ಹಗುರಂದು."

"ಪೇಪರ್ ಕಟಿಂಗ್ ಇದ್ದಂಗ ಅನ್ನು. ಆಕಾರ ಮೊದಲ ಇರ್ತೈತಿ, ಅಳತಿ ನಮ್ದು."

"ಹ್ಞೂನ್ರಿ, ಹಂಗ ಅಂತ ತಿಳ್ಕೋರಿ."

ಅಂಗಡಿಗೆಂದು ಬೇರೊಂದು ನಂಬರು ತೆಗೆದುಕೊಂಡಿದ್ದರು. ಶೀಲಾ ನಾಲ್ಕಾರು ಸಾಲು ಬರೆದಳು. ಮೊದಲು ಎಲ್ಲೋ ತಪ್ಪಾಗಿದೆಯೆಂದು ಪರದೆಯ ತುಂಬ ಕೆಂಪು ಅಕ್ಷರ ಬಂತು. ತುಟಿ ಕಚ್ಚಿಕೊಂಡು ಹುಡುಕಿ, ಎಲ್ಲೋ ಬಿಟ್ಟುಹೋಗಿದ್ದ ಒಂದು ಚುಕ್ಕೆಯನ್ನು ಸೇರಿಸಿದಳು. ಆಮೇಲೆ ಮಾವನ ಕೈಗೆ ಅವನದೇ ಫೋನು ಕೊಟ್ಟು, "ನಮಸ್ಕಾರ ಅಂತ ಕಳಿಸ್ರಿ" ಎಂದಳು. ಅವನು ಒಂದೊಂದೇ ಅಕ್ಷರ ಒತ್ತಿ ಕಳಿಸಿದ. ಕೂಡಲೇ ಫೋನು ಟಿಣ್ ಎಂದಿತು. "ನಮಸ್ಕಾರ ರೀ, ಮಾಸ್ಟರ್ ಅಂಗಡಿಗೆ ಸ್ವಾಗತ."

"ಲೇ ಹುಲಿಗೇಶ್, ಬಾ ಇಲ್ಲಿ! ಮಾತಾಡಾಕ ಹತ್ತೈತಿ ಇದು!"

ಮತ್ತೊಮ್ಮೆ ನಮಸ್ಕಾರ ಕಳಿಸಿದ. ಮತ್ತೊಮ್ಮೆ ಬಂತು. ಖುಷಿಯಲ್ಲಿ "ಚಾ ಆತೇನು" ಎಂದು ಕೇಳಿದ. "ಕ್ಷಮಿಸಿ, ತಿಳಿಯಲಿಲ್ಲ" ಎಂದಿತು. ಕೊಟ್ಟೂರಪ್ಪನಿಗೆ ಪಾಪ ಎನಿಸಿತು. "ತಿಳಿವಲ್ದಂತ ಅದಕ್ಕ. ಹೊಸಾದು, ಎಲ್ಲಿಂದ ತಿಳೀಬೇಕು" ಎಂದು ಫೋನಿನ ಮೇಲೆ ಒಮ್ಮೆ ಕೈಯಾಡಿಸಿದ.

ಅದಕ್ಕೆ ತಿಳಿಸಿಕೊಡುವ ಕೆಲಸ ಅವನದೇ ಆಯಿತು. ಯಾಕೆಂದರೆ ಬಟ್ಟೆ ಆಯಿತೇ ಎಂಬ ಒಂದೇ ಪ್ರಶ್ನೆಯನ್ನು ಬಳ್ಳಾರಿಯ ಜನ ಎಷ್ಟು ಬಗೆಯಲ್ಲಿ ಕೇಳುತ್ತಾರೆಂಬುದು ಶೀಲಾಗೆ ಗೊತ್ತಿರಲಿಲ್ಲ. ಅವಳು "ಬ್ಲೌಸ್ ರೆಡಿ ಇದೆಯಾ" ಎಂದು ಬರೆದಿದ್ದಳು. ಕೊಟ್ಟೂರಪ್ಪ ಓದಿ ನಕ್ಕುಬಿಟ್ಟ.

"ಹಿಂಗ ಯಾರ್ ಕೇಳ್ತಾರವ್ವ? ಬರ್ಕೋ. ಜಂಪರ್ ಆತೇನ್ರಿ. ಕುಬಸ ಹೊಲಿದ್ರೇನು. ಆ ತೆಲುಗಿನವ್ರ ಮನಿಯಾಕಿ ಬರ್ತಾಳಲ್ಲ, ಜಾಕೆಟ್ಟು ಅಯ್ಯಿಂದಾ ಮಾಸ್ಟರೂ ಅಂತ ರಾಗ ಎಳೀತಾಳ. ಕೌಲ್‌ಬಜಾರ್‌ನಿಂದ ಬರೋರು ಬ್ಲೌಸ್ ಹುವಾ ಕ್ಯಾ ಅಂತಾರ. ಇನ್ನ ಕೆಲವರು ಬಟ್ಟಿ ಹೆಸರ ತೆಗಿಯಂಗಿಲ್ಲ. ಮಾಸ್ಟರ್, ಏನಾತು ನಂದು? ಅಷ್ಟ."

ಒಬ್ಬೊಬ್ಬರ ದನಿಯನ್ನೂ ತೆಗೆದು, ಸೆರಗು ಸರಿಮಾಡಿಕೊಳ್ಳುವ ರೀತಿಯನ್ನೂ ಮಾಡಿ ತೋರಿಸಿದ. ಹುಲಿಗೇಶ್ ಹುಕ್ಕು ಹಾಕುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡ. ಶೀಲಾ ನಗುತ್ತಲೇ ಟೈಪು ಮಾಡಿದಳು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರಿಗಾಗಿ ಅವೆಲ್ಲವನ್ನೂ ಇನ್ನೊಮ್ಮೆ ಬರೆದಳು. ಅಂಗಡಿ ಮುಚ್ಚುವ ಹೊತ್ತಿಗೆ ಬಾಟಿಗೆ ಬಳ್ಳಾರಿಯ ಮಾತು ಸುಮಾರಾಗಿ ತಿಳಿಯತೊಡಗಿತ್ತು.

ಉತ್ತರ ಏನು ಕೊಡಬೇಕೆಂಬಲ್ಲಿ ಇಬ್ಬರಿಗೂ ಹೊಂದಲಿಲ್ಲ.

"ಬಟ್ಟಿಗೆ ಚೀಟಿ ಹಚ್ಚಿರ್ತೀರಲ್ಲ, ಆ ನಂಬರ್ ಹಾಕಿದ್ರ ಎಲ್ಲಿಗೆ ಬಂತು ಅಂತ ಹೇಳೂಣು. ಕತ್ತರಿಸಿಲ್ಲ ಅಂದ್ರ ಕತ್ತರಿಸಿಲ್ಲ. ಹುಕ್ಕು ಬಾಕಿ ಅಂದ್ರ ಹುಕ್ಕು ಬಾಕಿ," ಎಂದಳು ಶೀಲಾ.

ಕೊಟ್ಟೂರಪ್ಪ ಎರಡೂ ಕೈ ಅಡ್ಡ ಮಾಡಿದ. "ಅಯ್ಯ, ಬ್ಯಾಡವ್ವ. ಕತ್ತರಿಸಿಲ್ಲ ಅಂದ್ರ ಅವರಿಗೆ ಹೆಂಗಾಗಬ್ಯಾಡ? ನಾಳೆ ಬರ್ರಿ ಅಂತ ಹಾಕು. ಮನಸ್ಸಿಗೆ ಸಮಾಧಾನ ಆಗ್ತೈತಿ."

ಶೀಲಾ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು. ಸೊಸೆಯಾಗಿ ಎಷ್ಟು ಹೇಳಬಹುದೋ ಅಷ್ಟನ್ನು ಹೇಳಿಯಾಗಿತ್ತು. "ಅಂಗಡಿ ನಿಮ್ದು ಮಾವಾರ. ನೀವು ಹೇಳಿದಂಗ" ಎಂದು ಯಾರು ಏನು ಕೇಳಿದರೂ "ಆಯ್ತು ರೀ, ನಾಳೆ ಬರ್ರಿ" ಎನ್ನುವಂತೆ ಬರೆದಳು. ಹೊರಗೆ ರಟ್ಟಿನ ಮೇಲೆ ಹೊಸ ನಂಬರು ಬರೆದು ತೂಗುಹಾಕಿದರು. ಫೋನು ಮಾಡಿದವರಿಗೆ ಹುಲಿಗೇಶ್ ಆ ನಂಬರು ಹೇಳಿದ.

ಅಂಗಡಿ ತಣ್ಣಗಾಯಿತು. ಕೊಟ್ಟೂರಪ್ಪ ನೆಮ್ಮದಿಯಾಗಿ ಮಷೀನು ತುಳಿದ. ಯಾರ ಮುಖವನ್ನೂ ನೋಡಬೇಕಿಲ್ಲ, ಯಾರ ದನಿಯನ್ನೂ ಕೇಳಬೇಕಿಲ್ಲ. ಇಷ್ಟು ಸುಖ ಇರಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಆ ಸುಖ ಮುಗಿದದ್ದು ಮರುದಿನವೇ, ಗುರುವಾರ. ಶೆಟರು ಎತ್ತಲು ಬಂದರೆ ಮೆಟ್ಟಿಲ ಮೇಲೆ, ಎದುರು ಅಂಗಡಿಯ ಕಟ್ಟೆಯ ಮೇಲೆ, ಓಣಿಯ ಉದ್ದಕ್ಕೂ ಹೆಂಗಸರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದು. ಬುಧವಾರ ಎಲ್ಲರೂ ಮೆಸೇಜ್ ಹಾಕಿದ್ದರು, ಬಾಟ್ ಎಲ್ಲರಿಗೂ ಒಂದೇ ಮಾತು ಹೇಳಿತ್ತು. ಬಾಯಲ್ಲಿ ಹೇಳುವಾಗ ಕೊಟ್ಟೂರಪ್ಪ ಅಷ್ಟಿಷ್ಟು ಯೋಚಿಸುತ್ತಿದ್ದ. ಹತ್ತಿರದವರಿಗೆ ನಾಳೆ, ದೂರದ ಊರಿನವರಿಗೆ "ಸೋಮವಾರ ಫೋನ್ ಮಾಡಿ ಬರ್ರಿ". ಬಾಟಿಗೆ ಯಾರ ಊರು ಯಾವುದೆಂದು ಏನು ಗೊತ್ತು?

ಕೂಗಾಟ ಶುರುವಾಯಿತು. ಅದರ ನಡುವೆ ಮೇಲಿನ ಮೆಟ್ಟಿಲ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದವಳು ಕುರುಗೋಡಿನ ಪಕ್ಕೀರಮ್ಮ. ಹೊಲಮನೆ ಕೆಲಸದ ಹೆಂಗಸು, ವಯಸ್ಸಿನಲ್ಲಿ ಕೊಟ್ಟೂರಪ್ಪನಿಗಿಂತ ಒಂದೆರಡು ವರ್ಷ ಹಿರಿಯಳು. ಮೊದಲ ಬಸ್ಸಿಗೆ ಬಂದಿದ್ದಳು. ಮರುದಿನ ಬೆಳಿಗ್ಗೆ ಅವಳ ಮಗಳು ರೇಣುಕಾಗೆ ಕುಬಸ ಮಾಡುವುದಿತ್ತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ರವಿಕೆ ಉಡಿಸಿ ಆರತಿ ಎತ್ತುವ ಕಾರ್ಯ. ಕುಬಸ ಎಂದರೇ ರವಿಕೆ, ಅದಿಲ್ಲದೆ ಆ ಕಾರ್ಯಕ್ಕೆ ಹೆಸರೇ ಇಲ್ಲ. ಆ ಹಸಿರು ಬಟ್ಟೆ ಕೊಟ್ಟೂರಪ್ಪನ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಇತ್ತು.

"ಪಕ್ಕೀರಕ್ಕ..." ಎಂದು ಅವನು ಹತ್ತಿರ ಹೋದ.

"ಆಗಿಲ್ಲೇನಪ್ಪ?" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನಾಳೆ ಅಂದಿದ್ರ ನಾನು ಇವತ್ತಿನ ತನಕ ಕಾಯ್ತಿದ್ದಿಲ್ಲ ಮಾಸ್ಟರ್. ನಿನ್ನ ನಾಳೆ ನನಗ ಗೊತ್ತೈತಿ, ಅದು ನಾಕು ದಿನದ್ದು. ನಿನ್ನೇನ ಬಂದು ನಿನ್ನ ಎದುರಿಗೆ ಕುಂತು ಹೊಲಿಸ್ಕೊಂಡು ಹೋಗ್ತಿದ್ದೆ. ಮಗಳು ಅಂದ್ಲು, ಈಗ ಮಷೀನ್ ಹೇಳ್ತೈತವ್ವ, ಮಷೀನ್ ಸುಳ್ಳು ಹೇಳಂಗಿಲ್ಲ ಅಂತ. ಅದಕ್ಕ ನಂಬಿದೆ."

ಕೊಟ್ಟೂರಪ್ಪ ನಿಂತಲ್ಲೇ ನಿಂತ. ಹಾಗಾದರೆ ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ತಾನು ಯಾರ ಮನಸ್ಸನ್ನೂ ನೋಯಿಸದಂತೆ ಕಾಪಾಡಿದೆ ಎಂದುಕೊಂಡಿದ್ದನಲ್ಲ, ಅವರೇ ಅವನ ಮಾತಿಗೆ ನಾಲ್ಕು ದಿನ ಸೇರಿಸಿಕೊಂಡು ಅವನ ಮಾನ ಕಾಪಾಡುತ್ತಿದ್ದರು. ಎಂದೂ ಒಂದು ಮಾತು ಆಡಿ ತೋರಿಸಿರಲಿಲ್ಲ. ಕಣ್ಣು ತುಂಬಿ ಬಂದಂತಾಗಿ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ.

"ಒಳಗ ಬಾಕ್ಕ," ಎಂದ. "ಈಗ ಕತ್ತರಿ ಹಾಕ್ತೀನಿ. ಒಯ್ದ ಹೋಗಬೇಕು ನೀನು."

ಹೊರಗಿನವರನ್ನು ಶೀಲಾ ನೋಡಿಕೊಂಡಳು. ಒಬ್ಬೊಬ್ಬರ ಚೀಟಿ ತೆಗೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿಮ್ಮದು ಸಂಜೆಗೆ ಆಗುತ್ತದೆ, ನಿಮ್ಮದು ಹಬ್ಬಕ್ಕೆ ಆಗುವುದಿಲ್ಲ. ಕೆಲವರು ಗೊಣಗಿದರು. ಸತ್ಯನಾರಾಯಣಪೇಟೆಯ ಒಬ್ಬಾಕೆ ಬಟ್ಟೆ ವಾಪಸು ಕೇಳಿ ತೆಗೆದುಕೊಂಡು ಸರಸರ ನಡೆದೇಬಿಟ್ಟಳು. ಅವಳ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುವುದನ್ನು ಕೊಟ್ಟೂರಪ್ಪ ಒಳಗಿನಿಂದಲೇ ನೋಡಿದ. ಕತ್ತರಿ ನಿಲ್ಲಿಸಲಿಲ್ಲ.

"ಅಳತಿ ಹಳೇದು ಹಿಡಿಬ್ಯಾಡಪ್ಪ. ಮೈ ತುಂಬ್ಕೊಂಡಾಳ ಈಗ," ಎಂದಳು ಪಕ್ಕೀರಮ್ಮ.

"ಗೊತ್ತೈತಿ ಬಿಡು. ಒಳಗ ಬಟ್ಟಿ ಅಗಲ ಬಿಟ್ಟೀನಿ, ಒಂದೊಂದ ಹೊಲಿಗಿ ಬಿಚ್ಚಿದ್ರ ಹೆರಿಗಿ ತನಕ ಬರ್ತೈತಿ. ಕೂಸಾದ ಮ್ಯಾಲೆ ತಗೊಂಡು ಬಾ, ಮತ್ತ ಹಿಡಿದು ಕೊಡ್ತೀನಿ. ಹೊಲಿಗಿಗೆ ಏನೂ ಕೊಡಬ್ಯಾಡ."

ಮಧ್ಯಾಹ್ನ ಶೀಲಾ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ತರಿಸಿದಳು. ಪಕ್ಕೀರಮ್ಮ ಕಟಿಂಗ್ ಟೇಬಲ್ಲಿನ ಪಕ್ಕದಲ್ಲೇ ಕುಳಿತು ತಿಂದು, ಮಿರ್ಚಿ ಖಾರ ಸಾಲದೆಂದು ಹೇಳಿ, ಹುಲಿಗೇಶನ ಹೆಂಡತಿಯ ತವರು ಯಾವುದೆಂದು ವಿಚಾರಿಸಿದಳು. ಹೊರಡುವ ಮುಂಚೆ ಹಸಿರು ರವಿಕೆಯನ್ನು ಎದೆಯ ಎತ್ತರಕ್ಕೆ ಹಿಡಿದು ಬೆಳಕಿಗೆ ನೋಡಿದಳು. "ಛಲೋ ಆತು" ಎಂದಳು. ಅವಳು ಹೋದ ಮೇಲೆ ಕೊಟ್ಟೂರಪ್ಪ ಟೇಬಲ್ಲಿನ ಮೇಲೆ ಉಳಿದಿದ್ದ ಹಸಿರು ಚೂರುಗಳನ್ನು ಒಟ್ಟುಮಾಡಿದ.

"ಶೀಲವ್ವ, ಮೊದಲ ನೀನು ಹೇಳಿದ್ದಿಯಲ್ಲ, ಹಂಗ ಮಾಡು," ಎಂದ. "ಇದ್ದದ್ದ ಹೇಳ್ಲಿ ಅದು. ನನಗ ಎದುರಿಗೆ ಹೇಳಾಕ ಬರಂಗಿಲ್ಲ. ನನ್ನ ಪರವಾಗಿ ಅದಾದ್ರೂ ಹೇಳ್ಲಿ."

ಹಬ್ಬ ಕಳೆದ ಮೇಲೆ ಶೀಲಾ ಅದನ್ನು ಮತ್ತೆ ಬರೆದಳು. ಈ ಸಲ ಚೀಟಿಯ ನಂಬರು ಹಾಕಿದರೆ ಬಟ್ಟೆ ಯಾವ ಹಂತದಲ್ಲಿದೆ, ಯಾವ ದಿನಕ್ಕೆ ಸಿಗುತ್ತದೆ ಎರಡೂ ಬರುವಂತಾಯಿತು. ದಿನ ಗೊತ್ತುಮಾಡುವ ಕೆಲಸ ಕೊಟ್ಟೂರಪ್ಪನದು. ಮೊದಮೊದಲು ಅವನು ಹೇಳಿದ ದಿನ ಕೇಳಿ ಹುಲಿಗೇಶ್ ಮೂಗಿನಲ್ಲೇ ನಗುತ್ತಿದ್ದ. ಆಗ ಕೊಟ್ಟೂರಪ್ಪ ಎರಡು ದಿನ ಮುಂದಕ್ಕೆ ಹಾಕುತ್ತಿದ್ದ.

ಮೊದಲ ಸತ್ಯ ಹೊರಟಿದ್ದು ಒಬ್ಬ ಟೀಚರಮ್ಮನಿಗೆ. "ನಿಮ್ಮ ಬಟ್ಟೆಗೆ ಇನ್ನೂ ಕತ್ತರಿ ಹಾಕಿಲ್ಲ. ಮುಂದಿನ ಶುಕ್ರವಾರ ಸಿಗುತ್ತದೆ." ಕೊಟ್ಟೂರಪ್ಪ ಫೋನನ್ನು ಬಟ್ಟೆಯ ಗಂಟಿನ ಕೆಳಗೆ ತುರುಕಿ ಆ ಕಡೆ ತಿರುಗಿ ಕುಳಿತ. ಟಿಣ್ ಎಂದಿತು. ಶೀಲಾ ತೆಗೆದು ಓದಿದಳು: "ಸರಿ ರೀ, ಶುಕ್ರವಾರ ಬರ್ತೀನಿ."

"ಅಷ್ಟೇನ? ಮತ್ತೇನೂ ಅಂದಿಲ್ಲೇನು?"

"ಅಷ್ಟ ರೀ."

ಆದರೆ ಎಲ್ಲರೂ ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಗಿರಾಕಿಯೊಬ್ಬಳು ಗಾಬರಿಯಿಂದ ಜಂಬಮ್ಮನಿಗೇ ಫೋನು ಮಾಡಿದಳು. "ಅಕ್ಕ, ಮಾಸ್ಟರ್ ಆರಾಮ ಅದಾರೇನ್ರಿ? ಬಟ್ಟಿ ಕತ್ತರಿಸಿಲ್ಲ ಅಂತ ನಿಜ ಹೇಳಾಕ ಹತ್ಯಾರ!" ಜಂಬಮ್ಮ ಆ ಮಾತನ್ನು ತಿಂಗಳುಗಟ್ಟಲೆ ಬಂದವರಿಗೆಲ್ಲ ಹೇಳಿ ನಕ್ಕಳು. ಇನ್ನು ಕೆಲವರು ಬಾಟ್ ಹೇಳಿದ ದಿನಕ್ಕೂ ರೂಢಿಯಂತೆ ನಾಲ್ಕು ದಿನ ಸೇರಿಸಿಕೊಂಡು ಬಂದರು. ಹೊಲಿದ ಬಟ್ಟೆಗಳು ಕಪಾಟಿನಲ್ಲಿ ಅವರಿಗಾಗಿ ಕಾಯತೊಡಗಿದವು. ಆ ಅಂಗಡಿಯಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಕಾಲೇಜು ಹುಡುಗಿಯೊಬ್ಬಳು ಬಟ್ಟೆ ತಂದು ಹಬ್ಬಕ್ಕೆ ಬೇಕೆಂದಳು. ಕೊಟ್ಟೂರಪ್ಪ ಅಭ್ಯಾಸದಂತೆ ಬಾಯಿ ತೆರೆದ, ಮುಚ್ಚಿದ. "ಹಬ್ಬಕ್ಕ ಆಗಂಗಿಲ್ಲ ತಂಗಿ. ಹಬ್ಬ ಆದ ಮ್ಯಾಲಿನ ವಾರ ಕೊಡ್ತೀನಿ" ಎಂದ. ಹುಡುಗಿಯ ಮುಖ ಸಣ್ಣಗಾಯಿತು. ಅವನು ಕಣ್ಣು ತಪ್ಪಿಸದೆ ನೋಡಿದ. ಅವಳು ಒಂದು ಕ್ಷಣ ಯೋಚಿಸಿ, "ಹಂಗಾರ ನಮ್ಮ ಅಕ್ಕನ ಮದುವಿಗೆ ಆಗ್ತೈತಿ, ಇಟ್ಕೋರಿ" ಎಂದು ಕೊಟ್ಟು ಹೋದಳು. ಶೀಲಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಮಾವನನ್ನು ನೋಡಿದಳು.

ಈ ಸುದ್ದಿ ಸಿರುಗುಪ್ಪಕ್ಕೂ ಹೋಯಿತು. ಶೀಲಾಳ ಅಣ್ಣ ದೊಡ್ಡಬಸವರಾಜ ಭತ್ತ ಕೊಯ್ಯುವ ಮಷೀನು ಇಟ್ಟುಕೊಂಡಿದ್ದ. ಸುಗ್ಗಿಯಲ್ಲಿ ಅವನ ಫೋನಿಗೂ ಬಿಡುವಿರಲಿಲ್ಲ, ಮಷೀನು ಎಲ್ಲಿದೆ, ನಮ್ಮ ಗದ್ದೆಗೆ ಯಾವಾಗ ಎಂದು ರೈತರು ಕೇಳುತ್ತಲೇ ಇರುತ್ತಿದ್ದರು. ತಂಗಿಯನ್ನು ಕರೆದ. ಶೀಲಾ ಹೊರಡುವಾಗ, "ಮಾವಾರ, ನೀವೂ ಬರ್ರಿ. ಕೇಳೋದು ಹೆಂಗ ಕೇಳ್ತಾರ ಅಂತ ನನಗ ತಿಳಿಯಂಗಿಲ್ಲ" ಎಂದಳು. ಕೊಟ್ಟೂರಪ್ಪ ಒಂದು ಭಾನುವಾರ ಅಂಗಡಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಿದ.

ಬೀಗರ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮಂಚ ಹಾಕಿದ್ದರು. ಸುತ್ತಲಿನ ಊರುಗಳ ರೈತರು ಒಬ್ಬೊಬ್ಬರಾಗಿ ಬಂದು ಕುಳಿತರು. ಶೀಲಾ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಕೊಟ್ಟೂರಪ್ಪ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಬ್ಬೊಬ್ಬರನ್ನೂ ವಿಚಾರಿಸತೊಡಗಿದ. "ಹೇಳ್ರಿ ಮತ್ತ, ಫೋನ್ನಾಗ ಮೊದಲ ಏನಂತೀರಿ? ನಾಚ್ಕೋಬ್ಯಾಡ್ರಿ, ಬೈತೀರಂದ್ರ ಅದನ್ನೂ ಹೇಳ್ರಿ, ಆಕಿ ಬರ್ಕೊಂತಾಳ."

ಎಲ್ಲರೂ ನಕ್ಕರು. ಕೆಂಚನಗುಡ್ಡದಿಂದ ಬಂದಿದ್ದ ಎರ್ರೆಪ್ಪ ಎಂಬ ಮುದುಕ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಾನು ಏನೂ ಕೇಳಂಗಿಲ್ರಿ. ಬಸವರಾಜಾ, ನೆಲ್ಲು ಬಾಗೈತಪ್ಪಾ ಅಂತೀನಿ. ಅಷ್ಟಂದ್ರ ಕೊಯ್ಲಿಗೆ ಬಂದೈತಿ ಅಂತ ಅವಗ ತಿಳೀತೈತಿ" ಎಂದ.

ಕೊಟ್ಟೂರಪ್ಪನಿಗೆ ಆ ಮಾತು ಬಹಳ ಹಿಡಿಸಿತು. "ಏನಂದ್ರಿ, ಇನ್ನೊಮ್ಮೆ ಅನ್ರಿ" ಎಂದು ಮುಂದಕ್ಕೆ ಬಾಗಿ, ಸೊಸೆಯ ಕಡೆ ತಿರುಗಿ, "ಬರ್ಕೋ ಶೀಲವ್ವ, ಇದನ್ನ ಮೊದಲ ಬರ್ಕೋ" ಎಂದ.